ಕ್ರಿಪ್ಟೋ ಎಕ್ಸ್‌ಚೇಂಜ್‌ಗೆ ದುಡ್ಡು ಹಾಕುವ ಮೊದಲು: ಅದು ಭಾರತದಲ್ಲಿ ನೋಂದಣಿ ಆಗಿದೆಯಾ ಅಂತ ನೀವೇ ನೋಡಿಕೊಳ್ಳುವುದು ಹೇಗೆ

"ಈ ಆ್ಯಪ್ ಲೀಗಲ್ಲಾ?" ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಬೇಜಾರು ಏನೆಂದರೆ ಬಹಳ ಜನ ಇದನ್ನು ಕೇಳುವುದು ಆ್ಯಪ್ ಹಾಕಿಕೊಂಡು, ಪ್ಯಾನ್ ಆಧಾರ್ ಎರಡರ ಫೋಟೋನೂ ಕಳಿಸಿ, ಯುಪಿಐನಲ್ಲಿ ದುಡ್ಡೂ ಹಾಕಿ ಆದ ಮೇಲೆ. ಅಷ್ಟು ಹೊತ್ತಿಗೆ ಉತ್ತರ ಏನೇ ಬಂದರೂ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಕ್ರಿಪ್ಟೋ ತಗೋಬೇಕಾ ಬೇಡ್ವಾ ಅನ್ನುವುದು ಬೇರೆ ಮಾತು, ಅದನ್ನು ಇಲ್ಲಿ ಎತ್ತುವುದಿಲ್ಲ. ತಗೊಳ್ಳುವುದೇ ಆದರೆ ಆ ಎಕ್ಸ್‌ಚೇಂಜ್, ಅಂದರೆ ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಕೊಳ್ಳುವ, ಮಾರುವ ಆ್ಯಪ್ ಅಥವಾ ತಾಣ, ನಮ್ಮ ಕಾನೂನಿನ ಲೆಕ್ಕದಲ್ಲಿ ಇದೆಯಾ, ಅದನ್ನು ಯಾರ ಮಾತನ್ನೂ ನಂಬದೆ ನೀವೇ ಹೇಗೆ ನೋಡಿಕೊಳ್ಳಬಹುದು, ಇಷ್ಟನ್ನೇ ಹೇಳುತ್ತೇನೆ. ಒಂದು ಮೊಬೈಲು, ಇಂಟರ್ನೆಟ್ಟು, ಅರ್ಧ ಗಂಟೆ ಬಿಡುವು ಸಾಕು.

ಲೈಸೆನ್ಸ್ ಕೊಡುವವರು ಯಾರು?

ಯಾರೂ ಇಲ್ಲ. ಇದನ್ನು ಮೊದಲು ತಲೆಗೆ ಹಾಕಿಕೊಳ್ಳಿ, ಅರ್ಧ ಮೋಸ ಇಲ್ಲೇ ಹಿಡಿದುಬಿಡಬಹುದು.

ಷೇರು ಬ್ರೋಕರ್‌ಗೆ ಸೆಬಿ ಇದೆ. ಬ್ಯಾಂಕಿಗೆ ಆರ್‌ಬಿಐ ಇದೆ. ವಿಮೆ ಕಂಪನಿಗೆ ಐಆರ್‌ಡಿಎಐ ಇದೆ. ಕ್ರಿಪ್ಟೋ ಎಕ್ಸ್‌ಚೇಂಜ್‌ಗೆ ಹೀಗೆ ಲೈಸೆನ್ಸ್ ಕೊಟ್ಟು ನೋಡಿಕೊಳ್ಳುವ ಸಂಸ್ಥೆ ಭಾರತದಲ್ಲಿ ನಾನು ಇದನ್ನು ಬರೆಯುವ ಹೊತ್ತಿಗೂ ಇಲ್ಲ. ಆರ್‌ಬಿಐ 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಈ ವ್ಯವಹಾರದಿಂದ ದೂರ ಇರಿ ಅಂತ ಸುತ್ತೋಲೆ ಹೊರಡಿಸಿತ್ತು, 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅದರ ಅರ್ಥ ಆರ್‌ಬಿಐ ಒಪ್ಪಿಗೆ ಕೊಟ್ಟಿತು ಅಂತಲ್ಲ. ಬ್ಯಾಂಕುಗಳ ಮೇಲಿದ್ದ ಆ ತಡೆ ಹೋಯಿತು, ಅಷ್ಟೇ. ಹಾಗಾಗಿ "ಆರ್‌ಬಿಐ ಅಪ್ರೂವ್ಡ್ ಕ್ರಿಪ್ಟೋ ಎಕ್ಸ್‌ಚೇಂಜ್" ಅಂತಲೋ "ಸೆಬಿ ರಿಜಿಸ್ಟರ್ಡ್ ಬಿಟ್‌ಕಾಯಿನ್ ಟ್ರೇಡಿಂಗ್" ಅಂತಲೋ ಯಾರಾದರೂ ಹೇಳಿದರೆ ಮುಂದೆ ಏನನ್ನೂ ನೋಡುವ ಅಗತ್ಯ ಇಲ್ಲ. ಅಂಥ ಅನುಮತಿಯನ್ನು ಯಾರೂ ಕೊಡುವುದೇ ಇಲ್ಲ. ಆ್ಯಪ್ ತೆಗೆದುಹಾಕಿ.

ಹಾಗಾದರೆ ಇರುವುದೇನು? ನೋಂದಣಿ. 2023ರ ಮಾರ್ಚ್ 7ರಂದು ಕೇಂದ್ರ ಹಣಕಾಸು ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿ ಕ್ರಿಪ್ಟೋ ಕೊಡುವ, ಕೊಳ್ಳುವ, ಬದಲಾಯಿಸುವ, ಇಟ್ಟುಕೊಳ್ಳುವ ಸೇವೆ ಕೊಡುವ ಎಲ್ಲರನ್ನೂ 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, ಅಂದರೆ ಪಿಎಂಎಲ್‌ಎ ಕೆಳಗೆ ತಂದಿತು. ಅಂದಿನಿಂದ ಇವರೆಲ್ಲ ದೆಹಲಿಯಲ್ಲಿರುವ ಹಣಕಾಸು ಗುಪ್ತಚರ ಘಟಕದಲ್ಲಿ ಹೆಸರು ನೋಂದಾಯಿಸಬೇಕು. ಎಲ್ಲರೂ ಇದನ್ನು ಎಫ್‌ಐಯು ಅನ್ನುತ್ತಾರೆ. ಇದು 2004ರಿಂದ ಇರುವ ಸಂಸ್ಥೆ, ಹಣಕಾಸು ಸಚಿವಾಲಯದ ಕೆಳಗೆ ಬರುತ್ತದೆ. ನೋಂದಾಯಿಸಿಕೊಂಡ ಎಕ್ಸ್‌ಚೇಂಜ್ ಗ್ರಾಹಕರ ಕೆವೈಸಿ ಮಾಡಬೇಕು, ದಾಖಲೆ ಇಟ್ಟಿರಬೇಕು, ಅನುಮಾನ ಬರುವ ವ್ಯವಹಾರ ಕಂಡರೆ ಎಫ್‌ಐಯುಗೆ ವರದಿ ಕೊಡಬೇಕು. ಇಂಥವರನ್ನು ಕಾನೂನಿನ ಭಾಷೆಯಲ್ಲಿ ರಿಪೋರ್ಟಿಂಗ್ ಎಂಟಿಟಿ ಅನ್ನುತ್ತಾರೆ, ಒಬ್ಬೊಬ್ಬರಿಗೂ ಒಂದು ಐಡಿ ಸಿಗುತ್ತದೆ.

ಕಂಪನಿ ಭಾರತದಲ್ಲಿ ಆಫೀಸು ಇಟ್ಟಿಲ್ಲ, ನಮಗೆ ಇದು ಅನ್ವಯಿಸುವುದಿಲ್ಲ ಅಂತ ಹೇಳುವ ಹಾಗಿಲ್ಲ. ಭಾರತದಲ್ಲಿರುವ ಜನಕ್ಕೆ ಸೇವೆ ಕೊಟ್ಟರೆ ಸಾಕು, ನೋಂದಣಿ ಕಡ್ಡಾಯ. ಇದು ಬರೀ ಪುಸ್ತಕದ ಮಾತಲ್ಲ. 2023ರ ಡಿಸೆಂಬರ್ 28ರಂದು ಎಫ್‌ಐಯು ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್ ಕೊಟ್ಟಿತು: ಬೈನಾನ್ಸ್, ಕುಕಾಯಿನ್, ಹುವೊಬಿ, ಕ್ರಾಕೆನ್, ಗೇಟ್ ಡಾಟ್ ಐಒ, ಬಿಟ್ರೆಕ್ಸ್, ಬಿಟ್‌ಸ್ಟ್ಯಾಂಪ್, ಎಂಇಎಕ್ಸ್‌ಸಿ, ಬಿಟ್‌ಫಿನೆಕ್ಸ್. ಜೊತೆಗೆ ಇವರ ತಾಣಗಳನ್ನು ಬ್ಲಾಕ್ ಮಾಡಿ ಅಂತ ಐಟಿ ಸಚಿವಾಲಯಕ್ಕೂ ಬರೆಯಿತು. 2024ರ ಜನವರಿಯಲ್ಲಿ ಈ ಆ್ಯಪ್‌ಗಳು ಆ್ಯಪ್ ಸ್ಟೋರ್, ಪ್ಲೇ ಸ್ಟೋರ್ ಎರಡರಿಂದಲೂ ಮಾಯವಾದವು. ಆಮೇಲೆ 2025ರ ಅಕ್ಟೋಬರ್ 1ರಂದು ಇನ್ನೂ 25 ವಿದೇಶಿ ಸಂಸ್ಥೆಗಳಿಗೆ ನೋಟಿಸ್ ಹೋಯಿತು.

ಇದರಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಆ ಒಂಬತ್ತರಲ್ಲೇ ಕುಕಾಯಿನ್ 2024ರ ಮಾರ್ಚ್ ಹೊತ್ತಿಗೆ 34.5 ಲಕ್ಷ ರೂಪಾಯಿ ದಂಡ ಕಟ್ಟಿ ನೋಂದಾಯಿಸಿಕೊಂಡಿತು. ಬೈನಾನ್ಸ್‌ಗೆ 2024ರ ಜೂನ್‌ನಲ್ಲಿ 18.82 ಕೋಟಿ ದಂಡ ಬಿತ್ತು, ಅದೂ ನೋಂದಣಿ ಪಡೆಯಿತು. ಆ ಒಂಬತ್ತರಲ್ಲಿ ಇಲ್ಲದ ಬೈಬಿಟ್ ಅನ್ನುವ ಎಕ್ಸ್‌ಚೇಂಜ್‌ಗೂ 2025ರ ಜನವರಿಯಲ್ಲಿ 9.27 ಕೋಟಿ ದಂಡ ಬಿತ್ತು. ಅಂದರೆ ಒಂದು ವರ್ಷ ಬ್ಲಾಕ್ ಆಗಿದ್ದದ್ದು ಮುಂದಿನ ವರ್ಷ ಪಟ್ಟಿಯಲ್ಲಿರಬಹುದು, ಪಟ್ಟಿಯಲ್ಲಿದ್ದದ್ದು ಹೊರಗೂ ಹೋಗಬಹುದು. ಯೂಟ್ಯೂಬ್‌ನಲ್ಲಿ ಎರಡು ವರ್ಷ ಹಳೆಯ ವಿಡಿಯೋ ನೋಡಿ "ಇದು ಸೇಫ್ ಅಂತೆ" ಅನ್ನುವುದು ಉಪಯೋಗಕ್ಕೆ ಬರುವುದಿಲ್ಲ. ನೀವು ದುಡ್ಡು ಹಾಕುವ ದಿನ ಏನಿದೆಯೋ ಅದೇ ಲೆಕ್ಕ.

ಬ್ರ್ಯಾಂಡ್ ಹೆಸರು ಬಿಡಿ, ಕಂಪನಿ ಹೆಸರು ಹಿಡಿಯಿರಿ

ಜನ ಎಡವುವುದು ಇಲ್ಲೇ. ಆ್ಯಪ್ ಮೇಲೆ ಕಾಣುವ ಹೆಸರು ಬೇರೆ, ಕಾನೂನಿನ ಮುಂದೆ ನಿಲ್ಲುವ ಹೆಸರು ಬೇರೆ. ಕಾಯಿನ್‌ಡಿಸಿಎಕ್ಸ್ ಹಿಂದೆ ಇರುವುದು ನೆಬ್ಲಿಯೊ ಟೆಕ್ನಾಲಜೀಸ್ ಪ್ರೈವೇಟ್ ಲಿಮಿಟೆಡ್. ಬೆಂಗಳೂರಿನ ಕಾಯಿನ್‌ಸ್ವಿಚ್ ಹಿಂದೆ ಬಿಟ್‌ಸೈಫರ್ ಲ್ಯಾಬ್ಸ್ ಎಲ್‌ಎಲ್‌ಪಿ (ಎಲ್‌ಎಲ್‌ಪಿ ಅಂದರೆ ಒಂದು ಬಗೆಯ ಪಾಲುದಾರಿಕೆ ಸಂಸ್ಥೆ). ವಜೀರ್‌ಎಕ್ಸ್ ಅಂದರೆ ಭಾರತದಲ್ಲಿ ಝನ್ಮಾಯ್ ಲ್ಯಾಬ್ಸ್ ಪ್ರೈವೇಟ್ ಲಿಮಿಟೆಡ್. ಸರ್ಕಾರದ ಕಡೆ ದಾಖಲೆಯಲ್ಲಿ ಇರುವುದು ಇಂಥ ಹೆಸರುಗಳು. ಬ್ರ್ಯಾಂಡ್ ಹೆಸರು ಹಾಕಿ ಹುಡುಕಿ ಸಿಗಲಿಲ್ಲ ಅಂತ ಗಾಬರಿ ಆಗುವುದೂ ಬೇಡ, ಅದೇ ಥರದ ಹೆಸರು ಸಿಕ್ಕಿತು ಅಂತ ಖುಷಿ ಪಡುವುದೂ ಬೇಡ.

ಹೆಸರು ಎಲ್ಲಿ ಸಿಗುತ್ತದೆ? ಎಕ್ಸ್‌ಚೇಂಜ್ ತಾಣದ ತೀರಾ ಕೆಳಗೆ, ಚಿಕ್ಕ ಅಕ್ಷರದಲ್ಲಿ. ಅಲ್ಲಿಲ್ಲದಿದ್ದರೆ ಟರ್ಮ್ಸ್ ಆಫ್ ಯೂಸ್ ಅನ್ನುವ ಪುಟ ತೆರೆಯಿರಿ. ಅದನ್ನು ಪೂರ್ತಿ ಓದಲು ಯಾರಿಗೂ ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಎರಡೇ ವಿಷಯ ಹುಡುಕಿ. ಒಂದು, ಮೊದಲ ಪ್ಯಾರಾದಲ್ಲೇ "ಈ ಒಪ್ಪಂದ ನಿಮ್ಮ ಮತ್ತು ಇಂಥ ಕಂಪನಿಯ ನಡುವೆ" ಅಂತ ಬರೆದಿರುತ್ತಾರೆ, ಆ ಕಂಪನಿ ಯಾವುದು, ಯಾವ ದೇಶದ್ದು. ಎರಡು, ಕೊನೆಯ ಕಡೆ ಜಗಳ ಬಂದರೆ ಯಾವ ಊರಿನ ಕೋರ್ಟು, ಯಾವ ದೇಶದ ಕಾನೂನು ಅಂತ ಇರುತ್ತದೆ, ಅದನ್ನು ನೋಡಿ. ಬೆಂಗಳೂರೋ ಮುಂಬೈಯೋ ಇದ್ದರೆ ಒಂದು ಲೆಕ್ಕ. ಸೀಶೆಲ್ಸೋ ಕೇಮನ್ ದ್ವೀಪವೋ ಇದ್ದರೆ ನಾಳೆ ನಿಮ್ಮ ಐವತ್ತು ಸಾವಿರಕ್ಕಾಗಿ ನೀವು ಅಲ್ಲಿಗೆ ಹೋಗಿ ಕೇಸು ಹಾಕುತ್ತೀರಾ, ನೀವೇ ಯೋಚಿಸಿ. ಇನ್ನು ಕೆಲವು ತಾಣಗಳಲ್ಲಿ ಕಂಪನಿ ಹೆಸರೇ ಇರುವುದಿಲ್ಲ, ಎಲ್ಲ ಕಡೆ "ನಾವು", "ಪ್ಲಾಟ್‌ಫಾರ್ಮ್" ಅಂತಲೇ ಬರೆದಿರುತ್ತಾರೆ. ಅಂಥ ಕಡೆ ನಿಮ್ಮ ಹುಡುಕಾಟ ಅಲ್ಲಿಗೆ ಮುಗಿಯಿತು, ಬೇರೆ ನೋಡಿ.

ಹೆಸರು ಸಿಕ್ಕಿತು ಅಂತಿಟ್ಟುಕೊಳ್ಳಿ. ಈಗ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣಕ್ಕೆ ಹೋಗಿ, ಎಂಸಿಎ ಡಾಟ್ ಗವ್ ಡಾಟ್ ಇನ್. ಅಲ್ಲಿ ಮಾಸ್ಟರ್ ಡೇಟಾ ಅಂತ ಇದೆ. ಲಾಗಿನ್ ಕೇಳಿದರೆ ಒಂದು ಖಾತೆ ಮಾಡಿಕೊಳ್ಳಿ. ಕಂಪನಿಯ ಹೆಸರೋ ಸಿಐಎನ್ ಅನ್ನುವ ಅದರ ಗುರುತಿನ ನಂಬರೋ ಹಾಕಿದರೆ ಯಾವಾಗ ನೋಂದಣಿ ಆಯಿತು, ವಿಳಾಸ ಎಲ್ಲಿ, ಬಂಡವಾಳ ಎಷ್ಟು, ಈಗ ಚಾಲ್ತಿಯಲ್ಲಿದೆಯಾ ಅಥವಾ ಪಟ್ಟಿಯಿಂದ ತೆಗೆದುಹಾಕಿದ್ದಾರಾ ಎಲ್ಲ ಬರುತ್ತದೆ.

ಸಿಐಎನ್ ನಂಬರನ್ನು ಬರಿಗಣ್ಣಲ್ಲೇ ಓದಬಹುದು ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಅದರಲ್ಲಿ ಒಟ್ಟು 21 ಅಕ್ಷರ, ಅಂಕಿ ಇರುತ್ತವೆ. ಮೊದಲ ಅಕ್ಷರ ಯು ಅಥವಾ ಎಲ್: ಷೇರುಪೇಟೆಯಲ್ಲಿ ಇಲ್ಲದ ಕಂಪನಿ ಆದರೆ ಯು, ಇರುವುದಾದರೆ ಎಲ್. ಆಮೇಲೆ ಐದು ಅಂಕಿ, ಅದು ವ್ಯವಹಾರದ ಕೋಡ್. ನಂತರ ಎರಡು ಅಕ್ಷರ ರಾಜ್ಯದ್ದು, ಕರ್ನಾಟಕ ಆದರೆ ಕೆಎ, ಮಹಾರಾಷ್ಟ್ರ ಆದರೆ ಎಂಎಚ್. ಅದರ ಪಕ್ಕ ನಾಲ್ಕು ಅಂಕಿಯಲ್ಲಿ ಕಂಪನಿ ಹುಟ್ಟಿದ ವರ್ಷ. ನಂತರ ಮೂರು ಅಕ್ಷರ, ಪ್ರೈವೇಟ್ ಕಂಪನಿ ಆದರೆ ಪಿಟಿಸಿ. ಕೊನೆಗೆ ಆರು ಅಂಕಿ. ಎಲ್‌ಎಲ್‌ಪಿ ಆದರೆ ಸಿಐಎನ್ ಇರುವುದಿಲ್ಲ, ಎಲ್‌ಎಲ್‌ಪಿಐಎನ್ ಅಂತ ಚಿಕ್ಕ ನಂಬರು ಇರುತ್ತದೆ.

ಪರಿಚಯದವರೊಬ್ಬರು "ಇದು ಸರಿನಾ ನೋಡಿ" ಅಂತ ಕಳಿಸಿದ ಒಂದು ಪಿಡಿಎಫ್ ಇನ್ನೂ ನನ್ನ ಫೋನಿನಲ್ಲಿದೆ. ಮೇಲೆ ಅಶೋಕ ಸ್ತಂಭದ ಲಾಂಛನ. ಕೆಳಗೆ ದಪ್ಪ ಅಕ್ಷರದಲ್ಲಿ "ಕ್ರಿಪ್ಟೋ ಟ್ರೇಡಿಂಗ್ ಲೈಸೆನ್ಸ್, ಗೌರ್ನಮೆಂಟ್ ಆಫ್ ಇಂಡಿಯಾ". ಎಡಗಡೆ ಆರ್‌ಬಿಐ ಮುದ್ರೆ, ಬಲಗಡೆ ಸೆಬಿ ಮುದ್ರೆ. ಸಿಐಎನ್‌ನಲ್ಲಿ ರಾಜ್ಯದ ಅಕ್ಷರ ಎಂಎಚ್, ಆದರೆ ವಿಳಾಸ ಬೆಂಗಳೂರಿನದು. ವರ್ಷದ ಜಾಗದಲ್ಲಿ 2011, ಅದರ ಕೆಳಗಿನ ಸಾಲಿನಲ್ಲಿ ಸ್ಥಾಪನೆ 2021 ಅಂತ. ಆ ನಂಬರನ್ನು ಎಂಸಿಎ ತಾಣದಲ್ಲಿ ಹಾಕಿದರೆ ಬಂದದ್ದು ಬಟ್ಟೆ ವ್ಯಾಪಾರದ ಯಾವುದೋ ಹಳೆಯ ಕಂಪನಿ. ಹೀಗೆ ಬೇರೆ ಯಾರದ್ದೋ ನಿಜವಾದ ನಂಬರನ್ನು ಎತ್ತಿ ಅಂಟಿಸುವುದು ಮಾಮೂಲು. ಅದಕ್ಕೇ "ನಂಬರ್ ಇದೆ" ಅಂದರೆ ಸಾಲದು. ಆ ನಂಬರ್ ಹಾಕಿದಾಗ ಬರುವ ಹೆಸರು, ಟರ್ಮ್ಸ್ ಪುಟದ ಹೆಸರು ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು.

ಇಷ್ಟಾದರೂ ಸಿಕ್ಕಿದ್ದು ಕಂಪನಿ ಇದೆ ಅನ್ನುವುದಕ್ಕೆ ಸಾಕ್ಷಿ ಮಾತ್ರ. ಬೇಕರಿ ನಡೆಸಲೂ ಕಂಪನಿ ತೆರೆಯಬಹುದು. ಕಂಪನಿ ನೋಂದಣಿ, ಜಿಎಸ್‌ಟಿ ನಂಬರು, ಐಎಸ್‌ಒ ಸರ್ಟಿಫಿಕೇಟು, ಸ್ಟಾರ್ಟಪ್ ಇಂಡಿಯಾ ಮಾನ್ಯತೆ, ಪಾಲಿಕೆಯ ಟ್ರೇಡ್ ಲೈಸೆನ್ಸು, ಇವು ಯಾವುವೂ ಕ್ರಿಪ್ಟೋ ವ್ಯವಹಾರಕ್ಕೆ ಅನುಮತಿ ಅಲ್ಲ. ಇವನ್ನೆಲ್ಲ ಒಂದೇ ಪುಟದಲ್ಲಿ ಸಾಲಾಗಿ ಹಾಕಿ ಎಫ್‌ಐಯು ಹೆಸರೇ ಎತ್ತದಿದ್ದರೆ, ಯಾಕೆ ಎತ್ತಿಲ್ಲ ಅಂತ ಕೇಳಬೇಕು.

ಎಫ್‌ಐಯು ನೋಂದಣಿ ನೋಡುವುದು

ಈಗ ಮುಖ್ಯ ಕೆಲಸ. ಎಫ್‌ಐಯು ತಾಣದ ವಿಳಾಸ ಎಫ್‌ಐಯುಇಂಡಿಯಾ ಡಾಟ್ ಗವ್ ಡಾಟ್ ಇನ್. ಇದನ್ನು ನೀವೇ ಟೈಪ್ ಮಾಡಿ, ಎಕ್ಸ್‌ಚೇಂಜ್ ಪುಟದಲ್ಲಿರುವ ಲಿಂಕ್ ಒತ್ತಿ ಹೋಗಬೇಡಿ. ಅದೇ ಥರ ಕಾಣುವ ನಕಲಿ ಪುಟ ಮಾಡುವುದು ದೊಡ್ಡ ಕೆಲಸ ಅಲ್ಲ. ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯಾ ನೋಡಿ, ಮಧ್ಯದಲ್ಲಿ ಗವ್ ಬಂದು ಕೊನೆಗೆ ಡಾಟ್ ಕಾಮೋ ಡಾಟ್ ಆರ್ಗೋ ಇದ್ದರೆ ಅದು ಸರ್ಕಾರದ್ದಲ್ಲ.

ಅಲ್ಲಿ ವಿಡಿಎ ಸರ್ವಿಸ್ ಪ್ರೊವೈಡರ್ ಅನ್ನುವ ಮಾತು ಹಾಕಿ ಹುಡುಕಿ. ವಿಡಿಎ ಅಂದರೆ ವರ್ಚುವಲ್ ಡಿಜಿಟಲ್ ಅಸೆಟ್, ನಮ್ಮ ಕಾನೂನು ಕ್ರಿಪ್ಟೋವನ್ನು ಕರೆಯುವುದು ಹೀಗೆ. ನೋಂದಾಯಿತರ ಪಟ್ಟಿ, ಪತ್ರಿಕಾ ಪ್ರಕಟಣೆ, ದಂಡದ ಆದೇಶ, ಯಾವುದು ಸಿಕ್ಕರೂ ಮೊದಲು ಅದರ ತಾರೀಖು ನೋಡಿ, ಆಮೇಲೆ ಹೆಸರು ನೋಡಿ. ನೋಟಿಸ್ ಪಡೆದವರ ಹೆಸರುಗಳನ್ನೂ ಓದಿ. ಅದು ನೋಂದಣಿ ಪಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ನೀವು ಯೋಚಿಸುತ್ತಿರುವ ಎಕ್ಸ್‌ಚೇಂಜ್ ಅಲ್ಲಿದ್ದು, ಆಮೇಲೆ ನೋಂದಾಯಿಸಿಕೊಂಡ ಸುದ್ದಿ ಎಲ್ಲೂ ಇಲ್ಲದಿದ್ದರೆ ನಿಮ್ಮ ಉತ್ತರ ಸಿಕ್ಕ ಹಾಗೆಯೇ. ಸಂಸತ್ತಿನಲ್ಲಿ ಸರ್ಕಾರ ಕೊಡುವ ಲಿಖಿತ ಉತ್ತರಗಳೂ ಒಳ್ಳೆಯ ದಾಖಲೆ. 2023ರ ಡಿಸೆಂಬರ್‌ನಲ್ಲಿ ಕೊಟ್ಟ ಒಂದು ಉತ್ತರದ ಪ್ರಕಾರ ಆಗ 28 ಸಂಸ್ಥೆಗಳು ನೋಂದಾಯಿಸಿಕೊಂಡಿದ್ದವು. ಈಗ ಸಂಖ್ಯೆ ಅದಕ್ಕಿಂತ ಹೆಚ್ಚಿದೆ.

ಆರ್‌ಟಿಐ ಹಾಕಿ ಕೇಳೋಣ ಅಂದುಕೊಂಡರೆ ಅಂಚೆ ಖರ್ಚು ದಂಡ. ಎಫ್‌ಐಯು ಆರ್‌ಟಿಐ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ, ಐಬಿ, ರಾ ಥರದ ಗುಪ್ತಚರ ಸಂಸ್ಥೆಗಳ ಸಾಲಿನಲ್ಲಿ, ಇಂಥ ಮಾಹಿತಿ ಕೊಡಬೇಕಾದ ಹೊಣೆ ಅದಕ್ಕಿಲ್ಲ.

ಹಾಗಾಗಿ ಎಕ್ಸ್‌ಚೇಂಜ್‌ನವರನ್ನೇ ಕೇಳಿ. ಹಿಂಜರಿಯಬೇಡಿ, ದುಡ್ಡು ನಿಮ್ಮದು. ಸಪೋರ್ಟ್‌ಗೆ ಇಮೇಲ್ ಬರೆಯಿರಿ, ಚಾಟ್‌ನಲ್ಲಿ ಬೇಡ, ಬರಹದಲ್ಲಿ ಉತ್ತರ ಉಳಿಯಬೇಕು. ಹೀಗೆ ಕೇಳಿದರೆ ಸಾಕು: "ನೀವು ಎಫ್‌ಐಯು ಇಂಡಿಯಾದಲ್ಲಿ ರಿಪೋರ್ಟಿಂಗ್ ಎಂಟಿಟಿ ಆಗಿ ಯಾವ ಕಂಪನಿ ಹೆಸರಿನಲ್ಲಿ ನೋಂದಾಯಿಸಿದ್ದೀರಿ? ನಿಮ್ಮ ರಿಪೋರ್ಟಿಂಗ್ ಎಂಟಿಟಿ ಐಡಿ ಏನು? ನನ್ನ ಜೊತೆ ಒಪ್ಪಂದ ಮಾಡಿಕೊಳ್ಳುವ ಕಂಪನಿ ಅದೇನಾ?" ನಿಜವಾಗಿ ನೋಂದಣಿ ಇರುವವರಿಗೆ ಇದಕ್ಕೆ ಉತ್ತರ ಕೊಡುವುದು ಕಷ್ಟವೇ ಅಲ್ಲ, ಕೆಲವರು ತಾಣದಲ್ಲೇ ಹಾಕಿಕೊಂಡಿರುತ್ತಾರೆ. "ನಾವು ಜಾಗತಿಕ ಮಟ್ಟದಲ್ಲಿ ನಿಯಮ ಪಾಲಿಸುತ್ತೇವೆ" ಅಂತ ಸುತ್ತಿ ಬಳಸಿ ಬರೆದರೆ ಇಲ್ಲ ಅಂತಲೇ ತಿಳಿದುಕೊಳ್ಳಿ.

ಮೂರನೇ ಪ್ರಶ್ನೆಯನ್ನು ಬಿಡಬೇಡಿ. ಭಾರತದಲ್ಲಿ ಒಂದು ಕಂಪನಿ ನೋಂದಾಯಿಸಿಟ್ಟು, ಗ್ರಾಹಕರ ಒಪ್ಪಂದವನ್ನೋ ಕಾಯಿನ್‌ಗಳ ಕಾವಲನ್ನೋ ಬೇರೆ ದೇಶದ ಕಂಪನಿ ಹೆಸರಲ್ಲಿ ಇಡುವುದು ಉಂಟು. ಇದರ ಬಿಸಿ ಏನು ಅಂತ ವಜೀರ್‌ಎಕ್ಸ್ ಗ್ರಾಹಕರಿಗೆ ಗೊತ್ತು. ಬೈನಾನ್ಸ್ ಅದನ್ನು ಕೊಂಡಿದೆ ಅಂತ 2019ರಲ್ಲಿ ಘೋಷಣೆ ಆಗಿತ್ತು. 2022ರ ಆಗಸ್ಟ್‌ನಲ್ಲಿ ಬೈನಾನ್ಸ್ ಮುಖ್ಯಸ್ಥರೇ ಆ ಖರೀದಿ ಪೂರ್ತಿ ಆಗಲೇ ಇಲ್ಲ ಅಂದರು. ಮಾಲೀಕರು ಯಾರು ಅಂತ ಲಕ್ಷಾಂತರ ಗ್ರಾಹಕರಿಗೆ ಗೊತ್ತಿಲ್ಲದ ಸ್ಥಿತಿ. 2024ರ ಜುಲೈ 18ರಂದು ಹ್ಯಾಕ್ ಆಗಿ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೋ ಹೋಯಿತು. ಆಮೇಲೆ ಗ್ರಾಹಕರ ಹಣ ಹಂಚುವ ಯೋಜನೆ ತೀರ್ಮಾನವಾದದ್ದು ಸಿಂಗಪುರದ ಹೈಕೋರ್ಟಿನಲ್ಲಿ, ಯಾಕೆಂದರೆ ಮಾತೃ ಕಂಪನಿ ಅಲ್ಲಿಯದು. ಮತ್ತೆ ವಹಿವಾಟು ಶುರುವಾಗಲು 2025ರ ಅಕ್ಟೋಬರ್ ಬರಬೇಕಾಯಿತು. ಅದೇ ತಿಂಗಳು ಮದ್ರಾಸ್ ಹೈಕೋರ್ಟ್ ಇದೇ ಎಕ್ಸ್‌ಚೇಂಜ್‌ನ ಗ್ರಾಹಕರೊಬ್ಬರ ಅರ್ಜಿಯಲ್ಲಿ ಕ್ರಿಪ್ಟೋ ಕೂಡ ಆಸ್ತಿಯೇ ಅಂತ ಹೇಳಿ ರಕ್ಷಣೆ ಕೊಟ್ಟಿತು. ಅದು ಸಮಾಧಾನದ ವಿಷಯ, ಆದರೆ ಪ್ರತಿಯೊಬ್ಬರೂ ಹೈಕೋರ್ಟಿಗೆ ಹೋಗಲು ಆಗುವುದಿಲ್ಲ ಅಲ್ವಾ.

ನೋಂದಣಿ ಇದ್ದ ಮಾತ್ರಕ್ಕೆ ದುಡ್ಡು ಭದ್ರ ಅಂತಲ್ಲ, ಇದನ್ನು ಇನ್ನೊಮ್ಮೆ ಹೇಳುತ್ತೇನೆ. ಗಾಡಿಗೆ ನಂಬರ್ ಪ್ಲೇಟ್ ಇದ್ದ ಹಾಗೆ: ಯಾರದ್ದು ಅಂತ ಹಿಡಿಯಬಹುದು, ಓಡಿಸುವವರು ಸರಿಯಾಗಿ ಓಡಿಸುತ್ತಾರೆ ಅನ್ನುವ ಖಾತ್ರಿ ಇಲ್ಲ. ಬ್ಯಾಂಕ್ ಮುಳುಗಿದರೆ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ, ಕ್ರಿಪ್ಟೋ ಎಕ್ಸ್‌ಚೇಂಜ್‌ನಲ್ಲಿ ಇಟ್ಟ ಹಣಕ್ಕೆ ಅಂಥದ್ದೇನೂ ಇಲ್ಲ. ಆದರೂ ನೋಂದಣಿ ಬೇಕೇ ಬೇಕು ಅಂತ ನಾನು ಹಠ ಹಿಡಿಯುವುದು ಯಾಕೆಂದರೆ, ನಾಳೆ ಏನಾದರೂ ಆದಾಗ ಪೊಲೀಸರು ನೋಟಿಸ್ ಕಳಿಸಲು ಒಂದು ವಿಳಾಸ, ಉತ್ತರ ಕೊಡಲು ಒಬ್ಬ ಅಧಿಕಾರಿ, ಖಾತೆ ತಡೆಹಿಡಿಯಲು ಒಂದು ದಾರಿ ಇರುತ್ತದೆ. ನೋಂದಣಿ ಇಲ್ಲದ ಕಡೆ ಇದ್ಯಾವುದೂ ಇರುವುದಿಲ್ಲ.

ಅವರು ನಡೆದುಕೊಳ್ಳುವ ರೀತಿಯಲ್ಲೂ ಗೊತ್ತಾಗುತ್ತದೆ

ನೋಂದಾಯಿತ ಎಕ್ಸ್‌ಚೇಂಜ್ ಪ್ಯಾನ್ ಇಲ್ಲದೆ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಸೆಲ್ಫಿ ಕೇಳುತ್ತದೆ, ನಿಮ್ಮ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆ ಕೇಳುತ್ತದೆ, ಒಂದು ರೂಪಾಯಿ ಹಾಕಿ ಖಾತೆ ನಿಮ್ಮದೇ ಅಂತ ಪರೀಕ್ಷೆ ಮಾಡುತ್ತದೆ. ಇದು ತಲೆನೋವು ಅನ್ನಿಸಬಹುದು. "ಕೆವೈಸಿ ಬೇಡ, ಎರಡು ನಿಮಿಷದಲ್ಲಿ ಖಾತೆ" ಅನ್ನುವವರು ಭಾರತದ ಕಾನೂನಿನ ಹೊರಗಿದ್ದಾರೆ ಅಂತ ಅವರೇ ಒಪ್ಪಿಕೊಂಡಂತೆ.

ಇನ್ನೊಂದು ಬಹಳ ಒಳ್ಳೆಯ ಪರೀಕ್ಷೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ. 2022ರ ಜುಲೈ 1ರಿಂದ ಕ್ರಿಪ್ಟೋ ಮಾರಿದಾಗ ಶೇ 1ರಷ್ಟು ಟಿಡಿಎಸ್ ಕಡಿಯಬೇಕು. ಹತ್ತು ಸಾವಿರಕ್ಕೆ ಮಾರಿದರೆ ನೂರು ರೂಪಾಯಿ. ಆ ನೂರು ರೂಪಾಯಿ ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಹೋಗಿ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಟಿಡಿಎಸ್ ವಿವರ ಇರುವ ಜಾಗದಲ್ಲಿ, ನಾವು ಇಷ್ಟು ವರ್ಷ 26ಎಎಸ್ ಅಂತ ಕರೆಯುತ್ತಾ ಬಂದ ಪಟ್ಟಿಯಲ್ಲಿ, ಕಾಣಬೇಕು. ತ್ರೈಮಾಸಿಕ ಲೆಕ್ಕ ಸಲ್ಲಿಸಿದ ಮೇಲೆ ಬರುವುದರಿಂದ ಕೆಲವು ವಾರ ತಡ ಆಗಬಹುದು. ಅಲ್ಲಿ ಕಡಿತ ಮಾಡಿದವರ ಹೆಸರೂ ಇರುತ್ತದೆ. ಆ ಹೆಸರು, ಟರ್ಮ್ಸ್ ಪುಟದ ಹೆಸರು, ಎಂಸಿಎ ಹೆಸರು ಮೂರೂ ಕೂಡಿದರೆ ನೀವು ಯಾರ ಜೊತೆ ವ್ಯವಹಾರ ಮಾಡುತ್ತಿದ್ದೀರಿ ಅಂತ ಖಚಿತ ಆಯಿತು. ಹೊಸ ಎಕ್ಸ್‌ಚೇಂಜ್‌ಗೆ ಹೋದಾಗ ಸಣ್ಣ ಮೊತ್ತ ಹಾಕಿ, ಮಾರಿ, ವಾಪಸ್ ಬ್ಯಾಂಕಿಗೆ ತಂದು, ಟಿಡಿಎಸ್ ಬಂದದ್ದು ನೋಡಿ, ಆಮೇಲಷ್ಟೇ ಮುಂದಿನ ಮಾತು. ಆತುರ ಏನಿದೆ?

ಸಣ್ಣ ಮೊತ್ತ ವಾಪಸ್ ಬಂತು ಅನ್ನುವುದೊಂದನ್ನೇ ನಂಬಬೇಡಿ. ವಾಟ್ಸಾಪ್, ಟೆಲಿಗ್ರಾಂ ಗುಂಪುಗಳ ಮೂಲಕ ಬರುವ ನಕಲಿ ಎಕ್ಸ್‌ಚೇಂಜ್‌ಗಳು ಮೊದಲು ಎರಡು ಮೂರು ಸಾವಿರವನ್ನು ಲಾಭದ ಸಮೇತ ವಾಪಸ್ ಕೊಡುತ್ತವೆ. ಧೈರ್ಯ ಬರಲಿ ಅಂತ. ಲಕ್ಷಗಟ್ಟಲೆ ಹಾಕಿದ ಮೇಲೆ ತೆಗೆಯಲು ಹೋದರೆ "ಮೊದಲು ಶೇ 30 ತೆರಿಗೆ ನಮಗೆ ಕಟ್ಟಿ, ಆಮೇಲೆ ಬಿಡುಗಡೆ" ಅನ್ನುತ್ತಾರೆ. ಲಾಭದ ಮೇಲೆ ಶೇ 30 ತೆರಿಗೆ ಇರುವುದು ನಿಜ, ಅದರ ಮೇಲೆ ಶೇ 4 ಸೆಸ್ ಕೂಡ ಇದೆ, ಹಾಗಾಗಿ ಕೇಳಿದವರಿಗೆ ಸರಿ ಅನ್ನಿಸಿಬಿಡುತ್ತದೆ. ಆದರೆ ಆ ತೆರಿಗೆಯನ್ನು ನೀವು ರಿಟರ್ನ್ ಹಾಕುವಾಗ ನೇರ ಸರ್ಕಾರಕ್ಕೆ ಕಟ್ಟುತ್ತೀರಿ. ಟಿಡಿಎಸ್ ಆದರೆ ಮಾರಿದ ಹಣದಲ್ಲೇ ಕಡಿದು ಉಳಿದದ್ದನ್ನು ಕೊಡುತ್ತಾರೆ. ದುಡ್ಡು ತೆಗೆಯಲು ಮೇಲಿಂದ ದುಡ್ಡು ಹಾಕಿ ಅಂತ ಯಾವ ನೋಂದಾಯಿತ ಎಕ್ಸ್‌ಚೇಂಜೂ ಕೇಳುವುದಿಲ್ಲ. ಈ ಒಂದು ಮಾತನ್ನು ಮನೆಯಲ್ಲಿರುವ ದೊಡ್ಡವರಿಗೂ ತಿಳಿಸಿ. ನಿವೃತ್ತಿಯ ದುಡ್ಡು ಕೈಗೆ ಬಂದವರನ್ನೇ ಇವರು ಹುಡುಕುತ್ತಾರೆ.

ಯುಪಿಐ ಮಾಡುವಾಗ ದುಡ್ಡು ಯಾರ ಹೆಸರಿಗೆ ಹೋಗುತ್ತಿದೆ ನೋಡಿ. ಎಕ್ಸ್‌ಚೇಂಜ್ ಕಂಪನಿ ಹೆಸರೋ, ಹೆಸರಾಂತ ಪೇಮೆಂಟ್ ಗೇಟ್‌ವೇಯೋ ಇದ್ದರೆ ಸರಿ. ಯಾವುದೋ ವ್ಯಕ್ತಿ ಹೆಸರು, ಯಾವುದೋ ಎಂಟರ್‌ಪ್ರೈಸಸ್, ಟ್ರೇಡರ್ಸ್ ಅಂತ ಬಂದರೆ ಅಲ್ಲೇ ನಿಲ್ಲಿಸಿ. ಆ್ಯಪ್ ಅನ್ನು ಎಪಿಕೆ ಫೈಲ್ ಆಗಿ, ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರ ಫೋನಿಗೆ ಹಾಕಿಕೊಳ್ಳುವ ಫೈಲ್ ಆಗಿ ಕಳಿಸಿದರೆ ಹಾಕಿಕೊಳ್ಳಲೇಬೇಡಿ. ಪ್ಲೇ ಸ್ಟೋರ್‌ನಲ್ಲಿ ಇದೆ ಅನ್ನುವುದೂ ಅನುಮತಿಗೆ ಸಾಕ್ಷಿಯಲ್ಲ, ಅಲ್ಲಿ ಡೆವಲಪರ್ ಹೆಸರನ್ನು ಮೇಲಿನ ಹೆಸರಿನ ಜೊತೆ ತಾಳೆ ನೋಡಿ.

ಪಿ2ಪಿ, ಅಂದರೆ ಗ್ರಾಹಕರು ಒಬ್ಬರಿಗೊಬ್ಬರು ನೇರ ಮಾರಿಕೊಳ್ಳುವುದರ ಬಗ್ಗೆ ಒಂದು ಮಾತು. ಎಕ್ಸ್‌ಚೇಂಜ್ ನೋಂದಾಯಿತ ಆಗಿದ್ದರೂ, ಅಲ್ಲಿ ಅಪರಿಚಿತರಿಗೆ ನೇರ ಮಾರಿ ಅವರ ಖಾತೆಯಿಂದ ದುಡ್ಡು ಪಡೆದರೆ, ಆ ದುಡ್ಡು ಯಾರಿಗೋ ಮೋಸ ಮಾಡಿದ್ದಾಗಿದ್ದರೆ ನಿಮ್ಮ ಬ್ಯಾಂಕ್ ಖಾತೆ ಫ್ರೀಜ್ ಆಗುತ್ತದೆ. ಬೇರೆ ರಾಜ್ಯದ ಯಾವುದೋ ಠಾಣೆಯ ಕೇಸು, ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಓಡಾಟ. ಸಂಬಳ ಬರುವ ಖಾತೆಯನ್ನು ಇದಕ್ಕೆ ಬಳಸಬೇಡಿ.

ವಿದೇಶದಲ್ಲಿರುವ ಕನ್ನಡಿಗರಿಗೆ

ನೀವಿರುವ ದೇಶದ ನಿಯಮ ನಿಮಗೆ. ಭಾರತದ ಎಫ್‌ಐಯು ನೋಂದಣಿ ದುಬೈನಲ್ಲಿ ಲೆಕ್ಕಕ್ಕಿಲ್ಲ, ದುಬೈ ಲೈಸೆನ್ಸ್ ಮಂಗಳೂರಿನಲ್ಲಿ ಲೆಕ್ಕಕ್ಕಿಲ್ಲ.

ದುಬೈನಲ್ಲಿ 2022ರಿಂದ ಕ್ರಿಪ್ಟೋ ವ್ಯವಹಾರಕ್ಕೆ ಲೈಸೆನ್ಸ್ ಕೊಡುವ ವಾರಾ ಅನ್ನುವ ಪ್ರಾಧಿಕಾರ ಇದೆ. ಡಿಐಎಫ್‌ಸಿ ಅನ್ನುವ ಹಣಕಾಸು ವಲಯ ಬಿಟ್ಟು ಉಳಿದ ದುಬೈಗೆಲ್ಲ ಅದೇ, ಡಿಐಎಫ್‌ಸಿಗೆ ಡಿಎಫ್‌ಎಸ್‌ಎ ಅನ್ನುವ ಪ್ರಾಧಿಕಾರ ಬೇರೆ. ಅಬುಧಾಬಿಯ ಹಣಕಾಸು ವಲಯವಾದ ಎಡಿಜಿಎಂಗೆ ಇನ್ನೊಂದು. ವಾರಾ ತಾಣದಲ್ಲಿ ಸಾರ್ವಜನಿಕ ಪಟ್ಟಿ ಇದೆ, ಯಾರಿಗೆ ಯಾವ ಕೆಲಸಕ್ಕೆ ಲೈಸೆನ್ಸ್ ಅಂತ. ತಾತ್ವಿಕ ಒಪ್ಪಿಗೆ ಸಿಕ್ಕಿದೆ ಅಂದರೆ ಇನ್ನೂ ವ್ಯವಹಾರ ಮಾಡುವ ಹಾಗಿಲ್ಲ ಅಂತ ಅರ್ಥ. ಯಾವುದೋ ಫ್ರೀ ಝೋನ್‌ನ ಟ್ರೇಡ್ ಲೈಸೆನ್ಸ್ ತೋರಿಸಿ ಊರಿನವರನ್ನೇ ಸೇರಿಸುವ ಏಜೆಂಟರಿದ್ದಾರೆ, ಅದು ವಾರಾ ಲೈಸೆನ್ಸ್ ಅಲ್ಲ.

ಬ್ರಿಟನ್‌ನಲ್ಲಿ ಅಲ್ಲಿನ ಹಣಕಾಸು ನಿಯಂತ್ರಕ ಎಫ್‌ಸಿಎ ರಿಜಿಸ್ಟರ್, ಜೊತೆಗೆ ಅವರದೇ ಎಚ್ಚರಿಕೆ ಪಟ್ಟಿ, ಎರಡನ್ನೂ ನೋಡಿ. ಸಿಂಗಪುರದಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಆದ ಎಂಎಎಸ್‌ನ ಹಣಕಾಸು ಸಂಸ್ಥೆಗಳ ಡೈರೆಕ್ಟರಿ, ಅದರಲ್ಲಿ ಡಿಜಿಟಲ್ ಪೇಮೆಂಟ್ ಟೋಕನ್ ಸೇವೆ ಅಂತ ಬರೆದಿರಬೇಕು. ಯುರೋಪಿಯನ್ ಒಕ್ಕೂಟದಲ್ಲಿ ಮೈಕಾ ಅನ್ನುವ ಕ್ರಿಪ್ಟೋ ಕಾನೂನು 2024ರ ಡಿಸೆಂಬರ್ 30ರಿಂದ ಪೂರ್ತಿ ಜಾರಿಯಲ್ಲಿದೆ. ಒಂದು ದೇಶದಲ್ಲಿ ಸಿಕ್ಕ ಅನುಮತಿ ಒಕ್ಕೂಟದ ಉಳಿದ ದೇಶಗಳಿಗೂ ನಡೆಯುತ್ತದೆ, ಒಕ್ಕೂಟದ ಮಾರುಕಟ್ಟೆ ಪ್ರಾಧಿಕಾರವಾದ ಎಸ್ಮಾ ತಾಣದಲ್ಲಿ ಪಟ್ಟಿ ಸಿಗುತ್ತದೆ.

ಅಮೆರಿಕದ್ದು ಊರಲ್ಲಿರುವವರಿಗೂ ಬೇಕಾದ ವಿಷಯ, ಯಾಕೆಂದರೆ ನಕಲಿ ಎಕ್ಸ್‌ಚೇಂಜ್‌ಗಳು ಅತಿ ಹೆಚ್ಚು ತೋರಿಸುವುದು ಅಮೆರಿಕದ ಎಂಎಸ್‌ಬಿ, ಅಂದರೆ ಮನಿ ಸರ್ವಿಸಸ್ ಬಿಸಿನೆಸ್ ಸರ್ಟಿಫಿಕೇಟನ್ನು. ಅದು ಫಿನ್‌ಸೆನ್ ಅನ್ನುವ ಇಲಾಖೆಯಲ್ಲಿ ಕಂಪನಿಯೇ ಅರ್ಜಿ ತುಂಬಿ ಮಾಡಿಕೊಳ್ಳುವ ನೋಂದಣಿ. ಪಟ್ಟಿಯಲ್ಲಿ ಹೆಸರಿದ್ದರೆ ಅದು ನಾವು ಕೊಟ್ಟ ಶಿಫಾರಸು ಅಲ್ಲ ಅಂತ ಫಿನ್‌ಸೆನ್ನೇ ಹೇಳುತ್ತದೆ. ಅಲ್ಲಿ ರಾಜ್ಯ ರಾಜ್ಯದ ಲೈಸೆನ್ಸ್ ಬೇರೆ ಬೇಕು, ನ್ಯೂಯಾರ್ಕ್‌ನದು ಎಲ್ಲಕ್ಕಿಂತ ಬಿಗಿ.

ಆಗಲೇ ದುಡ್ಡು ಹಾಕಿದ್ದರೆ

ಎಕ್ಸ್‌ಚೇಂಜ್ ನಿಜವಾದದ್ದೇ, ಆದರೆ ಭಾರತದಲ್ಲಿ ನೋಂದಣಿ ಇಲ್ಲ ಅಂತ ಗೊತ್ತಾದರೆ ಗಾಬರಿ ಬೇಡ, ತಡವೂ ಬೇಡ. ವ್ಯವಹಾರದ ಪೂರ್ತಿ ವಿವರವನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ತಾಣ ಬ್ಲಾಕ್ ಆದ ಮೇಲೆ ಅದು ಸಿಗುವುದಿಲ್ಲ, ತೆರಿಗೆ ಲೆಕ್ಕಕ್ಕೆ ಬೇಕೇ ಬೇಕು. ಕಾಯಿನ್‌ಗಳನ್ನು ನೋಂದಾಯಿತ ಕಡೆಗೋ ನಿಮ್ಮದೇ ವಾಲೆಟ್‌ಗೋ (ಕ್ರಿಪ್ಟೋವನ್ನು ನೀವೇ ಇಟ್ಟುಕೊಳ್ಳುವ ಡಿಜಿಟಲ್ ಪರ್ಸು) ಸಾಗಿಸಿ, ಮೊದಲು ಸಣ್ಣದೊಂದು ಕಳಿಸಿ ತಲುಪಿತಾ ನೋಡಿ. ನೋಂದಣಿ ಇಲ್ಲದ ಕಡೆ ಮಾಡಿದ ಲಾಭಕ್ಕೂ ತೆರಿಗೆ ಇದೆ ಅನ್ನುವುದನ್ನು ಮರೆಯಬೇಡಿ.

ಅದು ಮೋಸದ ತಾಣ ಅಂತ ಅನ್ನಿಸಿದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ. 1930ಕ್ಕೆ ಕರೆ ಮಾಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಹಾಕಿ. ದುಡ್ಡು ಇನ್ನೂ ಬ್ಯಾಂಕಿನ ಸರಪಳಿಯಲ್ಲೇ ಇದ್ದರೆ ತಡೆಹಿಡಿಯುವ ಸಾಧ್ಯತೆ ಇದೆ, ಕ್ರಿಪ್ಟೋ ಆಗಿ ಹೊರಗೆ ಹೋಯಿತೆಂದರೆ ಬಹಳ ಕಷ್ಟ. ಕರ್ನಾಟಕದಲ್ಲಿ ಜಿಲ್ಲೆಗಳಲ್ಲೂ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗಳಿವೆ, ಅಲ್ಲಿಗೂ ಹೋಗಿ. ಯುಪಿಐ ವಹಿವಾಟಿನ ಗುರುತಿನ ಯುಟಿಆರ್ ನಂಬರು, ದುಡ್ಡು ಹೋದ ಖಾತೆಯ ಹೆಸರು, ಕ್ರಿಪ್ಟೋ ಕಳಿಸಿದ್ದರೆ ವಾಲೆಟ್ ವಿಳಾಸ ಮತ್ತು ಟ್ರಾನ್ಸಾಕ್ಷನ್ ಹ್ಯಾಶ್ (ಆ ವರ್ಗಾವಣೆಯ ಗುರುತಿನ ಕೋಡ್), ಚಾಟ್‌ನ ಸ್ಕ್ರೀನ್‌ಶಾಟು, ತಾಣದ ಪೂರ್ತಿ ವಿಳಾಸ, ಇವಿಷ್ಟನ್ನೂ ಬರೆದು ಪ್ರಿಂಟ್ ತೆಗೆದುಕೊಂಡು ಹೋಗಿ. ಸಿಟ್ಟಿನಲ್ಲಿ ಚಾಟ್ ಡಿಲೀಟ್ ಮಾಡಬೇಡಿ, ಗುಂಪಿನಿಂದ ಹೊರಬರುವ ಮೊದಲು ಎಲ್ಲ ಉಳಿಸಿಕೊಳ್ಳಿ.

ದೂರು ಕೊಟ್ಟ ಕೆಲವು ದಿನಕ್ಕೆ "ನಿಮ್ಮ ದುಡ್ಡು ವಾಪಸ್ ತರಿಸಿಕೊಡುತ್ತೇವೆ" ಅಂತ ಯಾರಾದರೂ ಫೋನ್ ಮಾಡಬಹುದು. ಸೈಬರ್ ತಜ್ಞರು, ವಕೀಲರು, ಕೆಲವೊಮ್ಮೆ ಎಫ್‌ಐಯು ಅಧಿಕಾರಿ ಅಂತಲೇ ಹೇಳಿಕೊಳ್ಳುತ್ತಾರೆ. ಒಮ್ಮೆ ಕಳೆದುಕೊಂಡವರ ನಂಬರುಗಳು ಅದೇ ಜನರ ಕೈಯಲ್ಲಿ ಓಡಾಡುತ್ತಿರುತ್ತವೆ. ಎಫ್‌ಐಯು ಯಾವ ಗ್ರಾಹಕರಿಗೂ ಫೋನ್ ಮಾಡಿ ಶುಲ್ಕ ಕೇಳುವುದಿಲ್ಲ. ಆ ನಂಬರನ್ನೂ ಬರೆದುಕೊಂಡು ಅದೇ ದೂರಿಗೆ ಸೇರಿಸಿ.